ಸಹಿ ಪಡೆದು ಕೊಡುವ ಟಪಾಲು: ಬಟವಾಡೆಯಲ್ಲಿ ಪೋಸ್ಟ್‌ಮ್ಯಾನ್ ಗಮನಿಸಬೇಕಾದ್ದು

2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಗಿದೆ. ಈಗ ರಿಜಿಸ್ಟ್ರೇಷನ್ ಎಂದರೆ ಸ್ಪೀಡ್ ಪೋಸ್ಟ್ ಮೇಲೆ ಬೇರೆ ಶುಲ್ಕ ಕಟ್ಟಿ ಪಡೆಯುವ ಸೌಲಭ್ಯ. ಎರಡೂ ಒಂದೇ ಕಟ್ಟಿನಲ್ಲಿ ಕೈಗೆ ಬರುವುದರಿಂದ, ಬೀಟ್‌ಗೆ (ಟಪಾಲು ಹಂಚುವ ನಿಮ್ಮ ಪ್ರದೇಶಕ್ಕೆ) ಹೊರಡುವ ಮುನ್ನವೇ ಬೇರ್ಪಡಿಸಿಕೊಳ್ಳಿ. ಬರೀ ಸ್ಪೀಡ್ ಪೋಸ್ಟ್ ಆದರೆ ಆ ವಿಳಾಸದಲ್ಲಿರುವ ಮನೆಯವರು ಸಹಿ ಹಾಕಿ ಪಡೆಯಬಹುದು. ರಿಜಿಸ್ಟ್ರೇಷನ್ ಇದ್ದರೆ ವಿಳಾಸದಾರರಿಗೆ, ಇಲ್ಲವೇ ಅವರು ಲಿಖಿತವಾಗಿ ಅಧಿಕಾರ ಕೊಟ್ಟವರಿಗೆ ಮಾತ್ರ. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು ಎಷ್ಟೇ ಪರಿಚಯದವರಾದರೂ ಅಧಿಕಾರ ಪತ್ರ ಇಲ್ಲದೆ ಅವರ ಕೈಗೆ ಕೊಡುವಂತಿಲ್ಲ.

ಬಾಗಿಲ ಬಳಿ ಮೊದಲು ಹೆಸರು ಕೇಳಿ. 'ಮಂಜುನಾಥ ಅಂದ್ರೆ ನೀವೇನಾ?' ಅಂದರೆ ಯಾರಾದರೂ 'ಹೂಂ' ಅಂದುಬಿಡುತ್ತಾರೆ, 'ತಮ್ಮ ಹೆಸರೇನು?' ಎಂದು ಕೇಳಿದರೆ ಅವರೇ ಹೇಳಬೇಕಾಗುತ್ತದೆ. ಅನುಮಾನ ಬಂದರೆ ಗುರುತಿನ ಚೀಟಿ ನೋಡಿ. ಲಕೋಟೆಯ ಹೊರಭಾಗ ನೋಡಲು ಅಡ್ಡಿಯಿಲ್ಲ, ಆದರೆ ಸಹಿಗೆ ಮುಂಚೆ ಒಡೆಯಲು ಬಿಡಬೇಡಿ. ಒಡೆದು ಓದಿದ ಮೇಲೆ 'ನನಗೆ ಬೇಡ' ಎಂದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಲಕೋಟೆ ಹರಿದಿದ್ದರೆ ಅಥವಾ ಸೀಲ್ ಒಡೆದಿದ್ದರೆ ಬಟವಾಡೆ ಮಾಡದೆ ಪೋಸ್ಟ್‌ಮಾಸ್ಟರ್ ಗಮನಕ್ಕೆ ತನ್ನಿ.

ಮೊಬೈಲ್ ಪರದೆಯ ಮೇಲೆ ಬೆರಳಿನಲ್ಲಿ ಗೀಚಿದ ಸಹಿ ಯಾರದೆಂದು ಆಮೇಲೆ ಹೇಳುವುದು ಕಷ್ಟ. ಪಡೆದವರ ಪೂರ್ಣ ಹೆಸರನ್ನು ಅಲ್ಲೇ ದಾಖಲಿಸಿ. ಅಕ್ನಾಲೆಡ್ಜ್‌ಮೆಂಟ್ ಕಾರ್ಡ್ (ಟಪಾಲು ತಲುಪಿತೆಂದು ಕಳಿಸಿದವರಿಗೆ ಮರಳುವ ಚೀಟಿ) ಇದ್ದರೆ ಸಹಿಯ ಕೆಳಗೆ ಬಿಡಿ ಅಕ್ಷರದಲ್ಲಿ ಹೆಸರು, ಪಕ್ಕದಲ್ಲಿ ತಾರೀಖು ಬರೆಸಿ. ಬಾಲ್ ಪೆನ್ನೇ ಒಳ್ಳೆಯದು, ಜೆಲ್ ಪೆನ್ನಿನ ಶಾಯಿ ಮಳೆ ಹನಿಗೆ ಹರಡುತ್ತದೆ. ಈ ತಾರೀಖು ಸಣ್ಣ ವಿಷಯವಲ್ಲ. ಚೆಕ್ ಬೌನ್ಸ್ ನೋಟಿಸ್ ತಲುಪಿದ ದಿನದಿಂದ ಹಣ ಕಟ್ಟಲು 15 ದಿನ ಅವಕಾಶ. ಆ ಎಣಿಕೆ ಶುರುವಾಗುವುದು ನೀವು ಬರೆಸಿಕೊಂಡ ತಾರೀಖಿನಿಂದ.

ಸಹಿ ಬಾರದವರಿಂದ ಹೆಬ್ಬೆಟ್ಟು ಒತ್ತಿಸಿ, ಓದು ಬರಹ ಬಲ್ಲ ಸ್ಥಳೀಯರೊಬ್ಬರಿಂದ ಸಾಕ್ಷಿ ಸಹಿ ಪಡೆಯಿರಿ. ಆ ಸಾಕ್ಷಿ ನೀವೇ ಆಗಬಾರದು. ಕಚೇರಿಗಳಲ್ಲಿ ಟಪಾಲು ವಿಭಾಗದವರ ಸಹಿಯ ಜೊತೆ ಮೊಹರು ಇರಲಿ. ಹತ್ತಾರು ಲಕೋಟೆ ಒಟ್ಟಿಗೆ ಕೊಡುವಾಗ ಪ್ರತಿಯೊಂದರ 13 ಅಕ್ಷರ-ಅಂಕಿಗಳ ಸಂಖ್ಯೆಯನ್ನೂ ತಾಳೆ ನೋಡಿ, ಕಟ್ಟು ಎಣಿಸಿದರೆ ಸಾಲದು.

ಓಟಿಪಿ ಬೇಕಾದ ಟಪಾಲಿಗೆ ಓಟಿಪಿಯನ್ನು ಲಕೋಟೆ ಕೊಡುವ ಕ್ಷಣದಲ್ಲೇ ಕೇಳಿ. ಮುಂಚಿತವಾಗಿ ಫೋನಿನಲ್ಲಿ ಕೇಳಿದರೆ ಜನ ಮೋಸದ ಕರೆ ಎಂದುಕೊಳ್ಳುತ್ತಾರೆ, ಹಾಗೆ ಅಂದುಕೊಳ್ಳುವುದೇ ಸರಿ.

ಅತಿ ಹೆಚ್ಚು ತಪ್ಪಾಗುವುದು ಷರಾ, ಅಂದರೆ ಟಪಾಲು ಏಕೆ ಬಟವಾಡೆಯಾಗಲಿಲ್ಲ ಎಂಬ ಟಿಪ್ಪಣಿ, ಬರೆಯುವಲ್ಲಿ. ಲಕೋಟೆಯ ಮೇಲಿನ ನಿಮ್ಮ ಎರಡು ಪದಗಳನ್ನು ನ್ಯಾಯಾಲಯ ಓದುತ್ತದೆ. ವಿಳಾಸದಾರರೇ ಎದುರು ನಿಂತು ಬೇಡ ಎಂದಾಗ ಮಾತ್ರ 'ನಿರಾಕರಿಸಿದರು' ಎಂದು ಬರೆಯಿರಿ. ಅಂಥ ನೋಟಿಸು ತಲುಪಿದಂತೆಯೇ ಎಂದು ನ್ಯಾಯಾಲಯಗಳು ಸಾಮಾನ್ಯವಾಗಿ ಪರಿಗಣಿಸುತ್ತವೆ. ಮನೆಯ ಹುಡುಗನೋ ಅತ್ತೆಯೋ ಬೇಡ ಎಂದರೆ ಅದು ವಿಳಾಸದಾರರ ನಿರಾಕರಣೆಯಲ್ಲ. ಬೀಗ ಹಾಕಿದ್ದರೆ 'ಬಾಗಿಲು ಹಾಕಿದೆ'. 'ಮನೆ ಬಿಟ್ಟು ಹೋಗಿದ್ದಾರೆ' ಎಂದು ಬರೆಯುವ ಮುಂಚೆ ಅಕ್ಕಪಕ್ಕದ ಇಬ್ಬರನ್ನಾದರೂ ವಿಚಾರಿಸಿ. ಪ್ರತಿ ಷರಾಕ್ಕೂ ತಾರೀಖು ಮತ್ತು ನಿಮ್ಮ ಚಿಕ್ಕ ಸಹಿ ಬೇಕು.

ಬೀಗ ಹಾಕಿದ ಮನೆಗೆ ಇಂಟಿಮೇಷನ್ ಚೀಟಿ ಬಿಡಿ: ಟಪಾಲಿನ ಸಂಖ್ಯೆ, ಯಾವ ಅಂಚೆ ಕಚೇರಿ, ಎಷ್ಟು ಹೊತ್ತಿನೊಳಗೆ ಬರಬೇಕು, ಗುರುತಿನ ಚೀಟಿ ತರಬೇಕೆಂಬ ಮಾತು. ಗಾಳಿಗೆ ಹಾರದಂತೆ ಬಾಗಿಲ ಸಂದಿಗೆ ಸಿಕ್ಕಿಸಿ. ಮೊಬೈಲಿನಲ್ಲೂ ಅಲ್ಲೇ ನಿಂತು ನಮೂದಿಸಿ. ಸಂಜೆ ಕಚೇರಿಯಲ್ಲಿ ಕೂತು ಇಪ್ಪತ್ತು ಮನೆಗೂ ಒಟ್ಟಿಗೆ 'ಬಾಗಿಲು ಹಾಕಿದೆ' ಎಂದು ಒತ್ತಿದರೆ, ದಿನವಿಡೀ ಮನೆಯಲ್ಲೇ ಇದ್ದವರು ದೂರು ಕೊಟ್ಟಾಗ ನಿಮ್ಮ ಪರ ಹೇಳಲು ಏನೂ ಇರುವುದಿಲ್ಲ.

ಸಹಿಯಾದ ಕಾರ್ಡುಗಳನ್ನೂ ಬಟವಾಡೆಯಾಗದ ಲಕೋಟೆಗಳನ್ನೂ ಅದೇ ದಿನ ಲೆಕ್ಕ ಒಪ್ಪಿಸಿ. ಚೀಲದಲ್ಲಿ ರಾತ್ರಿ ಉಳಿಯಬಾರದು.