ಸಿಡ್ನಿಯ ನೀರಿಗೆ ಇಳಿಯುವ ಮೊದಲು: ಶಾರ್ಕ್ ಬಗ್ಗೆ ಹೊಸಬರಿಗೆ ನಾಲ್ಕು ಮಾತು

ನವೆಂಬರ್ ಬಂತೆಂದರೆ ಇಲ್ಲಿ ಬೇಸಿಗೆ ಹತ್ತಿರ, ನನ್ನ ಫೋನಿಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. "ಅಕ್ಕಾ, ಇಲ್ಲಿ ನೀರಿಗೆ ಇಳಿಯಬಹುದಾ? ಶಾರ್ಕ್ ಇರುತ್ತಂತಲ್ಲ?" ಕೇಳುವವರು ಬೆಂಗಳೂರಿನಿಂದಲೋ ದಾವಣಗೆರೆಯಿಂದಲೋ ಬಂದು, ವೆಂಟ್‌ವರ್ತ್‌ವಿಲ್, ವೆಸ್ಟ್‌ಮೀಡ್ ಕಡೆ ಆಗಷ್ಟೇ ಮನೆ ಹಿಡಿದವರು. ಮಕ್ಕಳು ಬೀಚಿಗೆ ಹೋಗಲೇಬೇಕು ಅಂತ ಹಟ ಹಿಡಿದಿರುತ್ತವೆ. ಊರಿನಿಂದ ಅಜ್ಜಿ ವಿಡಿಯೊ ಕಾಲ್ ಮಾಡಿ "ನೀರಿನ ಹತ್ತಿರ ಹೋಗಬೇಡಿ" ಅಂದಿರುತ್ತಾರೆ.

ಇಳಿಯಬಹುದು. ಖಂಡಿತ ಇಳಿಯಿರಿ. ಆದರೆ ಯಾವ ನೀರಿಗೆ, ಯಾವ ಹೊತ್ತಿಗೆ ಅನ್ನುವುದು ಗೊತ್ತಿರಬೇಕು. ಅದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ.

ನಾವು ಬಂದ ಮೊದಲ ಬೇಸಿಗೆ. ಬಾಂಡೈ ಬೀಚಿನ ಅಲೆ ನೋಡಿ ನನಗೆ ಎದೆ ಝಲ್ಲೆಂದಿತ್ತು. ಅದಕ್ಕೇ ಹಾರ್ಬರ್, ಅಂದರೆ ಊರಿನ ನಡುವೆ ಚಾಚಿಕೊಂಡ ಸಮುದ್ರದ ಕೊಲ್ಲಿ, ಅದರೊಳಗಿನ ಒಂದು ಸಣ್ಣ ಮರಳದಂಡೆಗೆ ಹೋದೆವು. ನೀರು ಕೆರೆಯ ಹಾಗೆ ಸುಮ್ನೆ ನಿಂತಿತ್ತು. ಹಿಂದಿನ ದಿನ ಜೋರು ಮಳೆ ಬಂದಿದ್ದರಿಂದ ಬಣ್ಣ ಮಾತ್ರ ಚಹಾದಂತಿತ್ತು. ಸಂಜೆ ಏಳು ಗಂಟೆ. ಪಕ್ಕದ ಬಂಡೆಯ ಮೇಲೆ ಒಬ್ಬರು ಗಾಳ ಹಾಕಿ ಕೂತಿದ್ದರು, ಹಿಡಿದ ಮೀನನ್ನು ಅಲ್ಲೇ ಸೀಳಿ ಕರುಳನ್ನು ನೀರಿಗೆ ಎಸೆಯುತ್ತಿದ್ದರು. ನನ್ನ ಗಂಡ ಎದೆಮಟ್ಟದ ನೀರಿನಲ್ಲಿ ಕೈಕಾಲು ಬಡಿಯುತ್ತಿದ್ದರು. ಮಗಳು ಮೊಣಕಾಲವರೆಗೆ ಇಳಿದಿದ್ದಳು. ನಾಯಿ ಹಿಡಿದುಕೊಂಡು ಬಂದ ವಯಸ್ಸಾದ ಹೆಂಗಸೊಬ್ಬರು ನಿಂತು ನೋಡಿದರು. ಹತ್ತಿರ ಬಂದು, ಗದರದೆ, ನಿಧಾನವಾಗಿ ಹೇಳಿದರು: "ಈ ಹೊತ್ತಿನಲ್ಲಿ ಇಲ್ಲಿ ಬೇಡ. ನೆಟ್ ಇರುವ ಜಾಗಕ್ಕೆ ಹೋಗಿ." ನೆಟ್ ಅಂದರೆ ಶಾರ್ಕ್ ಒಳಗೆ ಬರದಂತೆ ಕಟ್ಟಿದ ಬಲೆ.

ಮಳೆಯ ರಾಡಿ ನೀರು, ಮುಳುಗುವ ಸೂರ್ಯ, ಮೀನಿನ ಕರುಳು, ನೆಟ್ ಇಲ್ಲದ ಹಾರ್ಬರ್. ಮಾಡಬಾರದ ನಾಲ್ಕನ್ನೂ ನಾವು ಒಂದೇ ಸಂಜೆ ಮಾಡಿದ್ದೆವು. ಅಲೆ ಇಲ್ಲದ ನೀರೇ ಸುರಕ್ಷಿತ ಅಂತ ನಾವು ಊರಿನ ಕೆರೆ, ಹೊಳೆ ನೋಡಿ ಕಲಿತಿರುತ್ತೇವೆ. ಸಿಡ್ನಿಯಲ್ಲಿ ಶಾರ್ಕ್ ಮಟ್ಟಿಗೆ ಆ ಲೆಕ್ಕ ನಡೆಯುವುದಿಲ್ಲ.

ಕಾರಣ ಬುಲ್ ಶಾರ್ಕ್. ಇಲ್ಲಿ ಮನುಷ್ಯರಿಗೆ ಅಪಾಯ ಮಾಡುವ ಶಾರ್ಕ್ ಮುಖ್ಯವಾಗಿ ಮೂರೇ ಜಾತಿ: ವೈಟ್, ಟೈಗರ್, ಬುಲ್. ಬುಲ್ ಶಾರ್ಕ್‌ಗೆ ರಾಡಿ ನೀರಾದರೂ ಸರಿ, ನದಿಯ ಸಿಹಿನೀರಾದರೂ ಸರಿ. ಬೇಸಿಗೆಯಲ್ಲಿ ಹಾರ್ಬರಿನ ನೀರು 20 ಡಿಗ್ರಿ ಆಸುಪಾಸು ಬೆಚ್ಚಗಾದರೆ ಒಳಗೆ ಬರುತ್ತವೆ. ಜನವರಿ, ಫೆಬ್ರವರಿಯಲ್ಲಿ ಜಾಸ್ತಿ. ಚಳಿ ಶುರುವಾದರೆ ಉತ್ತರಕ್ಕೆ, ಕ್ವೀನ್ಸ್‌ಲ್ಯಾಂಡ್ ಕಡೆಗೆ ಹೊರಡುತ್ತವೆ. 2009ರ ಫೆಬ್ರವರಿಯಲ್ಲಿ ಊರಿನ ನಡುವೆಯೇ ಇರುವ ವುಲ್ಲೂಮುಲೂ ಕೊಲ್ಲಿಯಲ್ಲಿ ನೌಕಾಪಡೆಯ ಡೈವರ್ ಒಬ್ಬರ ಕೈ, ಕಾಲು ಹೋಯಿತು. 2024ರ ಜನವರಿಯಲ್ಲಿ ಎಲಿಜಬೆತ್ ಬೇಯಲ್ಲಿ ಒಬ್ಬ ಹೆಂಗಸಿಗೆ ಕಚ್ಚಿತು, ಜೀವ ಉಳಿಯಿತು. ಎರಡೂ ಬುಲ್ ಶಾರ್ಕ್, ಎರಡೂ ಹಾರ್ಬರ್ ಒಳಗೆ, ಎರಡೂ ನಡು ಬೇಸಿಗೆಯಲ್ಲಿ.

ಸಮುದ್ರದ ಮೀನು ಸಿಹಿನೀರಿನಲ್ಲಿ ಬದುಕುವುದು ಹೇಗೆ? ಇದು ನನಗೆ ಅರ್ಥವಾದದ್ದು ನನ್ನ ಅಮ್ಮನ ಅಡುಗೆಮನೆಯಿಂದ. ನಾವು ಮಲ್ಪೆ ಕಡೆಯವರು. ನಮ್ಮಲ್ಲಿ ಸಣ್ಣ ಶಾರ್ಕ್‌ಗೆ ತಾಟೆ ಅನ್ನುತ್ತಾರೆ. ತಾಟೆ ತಂದ ದಿನ ಅಮ್ಮ ಅದರ ಮೇಲೆ ಬಿಸಿನೀರು ಹುಯ್ದು, ಒರಟು ಚರ್ಮ ಉಜ್ಜಿ ತೆಗೆದು, ಮೂತ್ರದಂಥ ಘಾಟು ವಾಸನೆ ಹೋಗುವವರೆಗೆ ಮೂರು ನಾಲ್ಕು ನೀರಿನಲ್ಲಿ ತೊಳೆಯುತ್ತಿದ್ದರು. ಆ ಘಾಟು ಯೂರಿಯಾದಿಂದ ಬರುವುದು. ಶಾರ್ಕ್‌ಗಳು ಯೂರಿಯಾವನ್ನು ಹೊರಗೆ ಹಾಕದೆ ಮೈಯಲ್ಲೇ ಇಟ್ಟುಕೊಂಡು, ಸಮುದ್ರದ ಉಪ್ಪುನೀರು ತಮ್ಮ ಮೈಯ ನೀರನ್ನು ಎಳೆದುಕೊಳ್ಳದಂತೆ ನೋಡಿಕೊಳ್ಳುತ್ತವೆ. ಹೆಚ್ಚಿನ ಶಾರ್ಕ್‌ಗಳು ನದಿಗೆ ಬಂದರೆ ಈ ಏರ್ಪಾಡೇ ಅವಕ್ಕೆ ಮುಳುವು, ನೀರು ಮೈಯೊಳಗೆ ನುಗ್ಗುತ್ತದೆ. ಬುಲ್ ಶಾರ್ಕ್ ಮಾತ್ರ ನದಿಗೆ ಬಂದಾಗ ಯೂರಿಯಾ ಕಡಿಮೆ ಮಾಡಿಕೊಳ್ಳುತ್ತದೆ, ತೆಳ್ಳಗಿನ ಮೂತ್ರ ಧಾರಾಳವಾಗಿ ಬಿಡುತ್ತದೆ, ಬೇಕಾದ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಹಾರ್ಬರಿಗೆ ಸೇರುವ ಪ್ಯಾರಾಮಟ್ಟಾ ನದಿಯೂ ಅದಕ್ಕೆ ಓಡಾಡುವ ದಾರಿಯೇ. ನಮ್ಮ ಜನ ಜಾಸ್ತಿ ಇರುವುದು ಆ ನದಿಯ ಕಡೆಗೇ ಅಲ್ವಾ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಎಲ್ಲಿಗೆ ಹೋಗಬೇಕು? ಹಾರ್ಬರ್ ಒಳಗೆ ಈಜಬೇಕೆಂದರೆ ಸುತ್ತಲೂ ನೆಟ್ ಕಟ್ಟಿದ ಜಾಗಗಳಿವೆ: ಬಾಲ್ಮೋರಲ್, ಕ್ಲಿಫ್ಟನ್ ಗಾರ್ಡನ್ಸ್, ಡಬಲ್ ಬೇಯ ಮರೇ ರೋಸ್ ಪೂಲ್. ಹೋದ ದಿನ ಅಲ್ಲಿನ ಬೋರ್ಡ್ ಓದಿ. ನೆಟ್ ರಿಪೇರಿಯಲ್ಲಿದೆ ಅಂತ ಬರೆದಿದ್ದರೆ ಇಳಿಯಬೇಡಿ. ಸಮುದ್ರದ ಪಕ್ಕ ಬಂಡೆಯಲ್ಲೇ ಕಟ್ಟಿದ ಕೊಳಗಳೂ ಇವೆ. ಬ್ರಾಂಟೆಯಲ್ಲಿ ಒಂದು, ಕೂಜಿಯಲ್ಲಿ ವೈಲೀಸ್ ಬಾತ್ಸ್. ಉಪ್ಪುನೀರು, ಸಮುದ್ರದ ಗಾಳಿ ಎಲ್ಲ ಸಿಗುತ್ತದೆ, ನಡುವೆ ಗೋಡೆ ಇರುತ್ತದೆ. ಮನೆ ಹತ್ತಿರವೇ ಬೇಕೆಂದರೆ ಲೇಕ್ ಪ್ಯಾರಾಮಟ್ಟಾ. 1856ರಲ್ಲಿ ಕಟ್ಟಿದ ಅಣೆಕಟ್ಟಿನ ಹಿಂದಿನ ಸಿಹಿನೀರು ಅದು, ಶಾರ್ಕ್ ಮೇಲೆ ಹತ್ತಿ ಬರುವ ಮಾತೇ ಇಲ್ಲ. ಬೇಸಿಗೆಯಲ್ಲಿ ಲೈಫ್‌ಗಾರ್ಡ್ ಇರುವ ದಿನ ನೋಡಿಕೊಂಡು, ಗುರುತು ಹಾಕಿದ ಜಾಗದಲ್ಲೇ ಇಳಿಯಿರಿ. ಮಕ್ಕಳಿಗೆ ನನ್ನ ಮೊದಲ ಸಲಹೆ ಅದೇ.

ಇನ್ನು ತೆರೆದ ಸಮುದ್ರ. ಬೀಚ್ ಕಾಯುವವರು ನೆಟ್ಟ ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಈ ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ಆಸ್ಟ್ರೇಲಿಯಾದಲ್ಲಿ ಶಾರ್ಕ್‌ನಿಂದ ಸಾಯುವವರು ವರ್ಷಕ್ಕೆ ಸರಾಸರಿ ಮೂವರು. ನೀರಿನಲ್ಲಿ ಮುಳುಗಿ ಸಾಯುವವರು ಸುಮಾರು 300. ಹೊರದೇಶದಲ್ಲಿ ಹುಟ್ಟಿ ಇಲ್ಲಿ ಮುಳುಗಿದವರಲ್ಲಿ ಭಾರತದವರ ಸಂಖ್ಯೆ ದೊಡ್ಡದು. ಬಾವುಟದ ಆಚೆ ಅಲೆ ಕಡಿಮೆ ಇರುವ, ನೀರು ಸ್ವಲ್ಪ ಕಪ್ಪಗೆ ಕಾಣುವ ಜಾಗವೇ ಎಷ್ಟೋ ಸಲ ರಿಪ್, ಅಂದರೆ ದಡದಿಂದ ಸಮುದ್ರದ ಕಡೆಗೆ ಎಳೆಯುವ ಹರಿವು. ಈಜು ಬಾರದವರು ಶಾಂತವಾಗಿದೆ ಅಂತ ಅಲ್ಲಿಗೇ ಹೋಗುತ್ತಾರೆ. ಮತ್ತೆ ಅದೇ ತಪ್ಪು. ಜೀನ್ಸ್, ಚೂಡಿದಾರ್ ಹಾಕಿಕೊಂಡು ಸೊಂಟದವರೆಗೆ ಇಳಿಯುವುದನ್ನೂ ಬಿಟ್ಟುಬಿಡಿ, ನೆನೆದ ಬಟ್ಟೆ ಕಾಲು ಎತ್ತಲು ಬಿಡುವುದಿಲ್ಲ.

ಬಾವುಟದ ನಡುವೆ ಇದ್ದರೆ ಶಾರ್ಕ್ ವಿಷಯದಲ್ಲೂ ಅನುಕೂಲವಿದೆ. ಅಲ್ಲಿ ಕಾಯುವವರಿರುತ್ತಾರೆ, ಕೆಲವು ಬೀಚ್‌ಗಳಲ್ಲಿ ಮೇಲಿನಿಂದ ಡ್ರೋನ್ ನೋಡುತ್ತಿರುತ್ತದೆ. ಶಾರ್ಕ್ ಕಂಡರೆ ಸೈರನ್ ಹೊಡೆಯುತ್ತಾರೆ, ಕೆಂಪು ಬಿಳಿ ನಾಲ್ಕು ಚೌಕದ ಬಾವುಟ ತೋರಿಸುತ್ತಾರೆ. ಆಗ ನೀರಿನಿಂದ ಹೊರಗೆ ಬನ್ನಿ. ಬೇಗ ಬನ್ನಿ, ಆದರೆ ನೀರು ಬಡಿಯುತ್ತಾ ಅಲ್ಲ. ನಮ್ಮ ಎದುರೇ ಒಮ್ಮೆ ಸೈರನ್ ಆದಾಗ ಕೆಲವರು ಫೋನ್ ಹಿಡಿದು ನೀರಿನ ಕಡೆಗೇ ಓಡಿದರು. ಲೈಫ್‌ಗಾರ್ಡ್ ಹುಡುಗಿ ಗಂಟಲು ಹರಿಯುವಂತೆ ಕೂಗಬೇಕಾಯಿತು. ನೋಡಿ ನನಗೆ ಸಂಕಟವಾಯಿತು.

"ಬೀಚಿಗೆ ಶಾರ್ಕ್ ನೆಟ್ ಹಾಕಿದ್ದಾರಲ್ಲ" ಅಂತ ಕೆಲವರು ಧೈರ್ಯ ಹೇಳುತ್ತಾರೆ. ಅದು ಹಾರ್ಬರ್ ಪೂಲಿನ ಬೇಲಿಯಂಥ ನೆಟ್ ಅಲ್ಲ. 1937ರಿಂದ ಸಿಡ್ನಿ ಸುತ್ತ ಬೇಸಿಗೆಯಲ್ಲಿ ಹಾಕುತ್ತಿರುವ ಈ ಬಲೆ 150 ಮೀಟರ್ ಉದ್ದ, 6 ಮೀಟರ್ ಎತ್ತರ. ಬೀಚ್ ಅದಕ್ಕಿಂತ ಎಷ್ಟೋ ಉದ್ದ ಇರುತ್ತದೆ. ಶಾರ್ಕ್ ಪಕ್ಕದಿಂದ ಬರಬಹುದು, ಮೇಲಿನಿಂದಲೂ ಬರಬಹುದು. ಅದರಲ್ಲಿ ಸಿಕ್ಕಿ ಆಮೆ, ತೊರಕೆ, ಡಾಲ್ಫಿನ್‌ಗಳೂ ಸಾಯುತ್ತವೆ. ಈಗ ಸ್ಮಾರ್ಟ್ ಡ್ರಮ್‌ಲೈನ್ ಅನ್ನುವ ಗಾಳಗಳಿವೆ. ಶಾರ್ಕ್ ಸಿಕ್ಕ ಕೂಡಲೇ ಸಿಗ್ನಲ್ ಬರುತ್ತದೆ. ದೋಣಿಯವರು ಹೋಗಿ ಸಿಗ್ನಲ್ ಕೊಡುವ ಟ್ಯಾಗ್ ಹಾಕಿ ದೂರ ಬಿಟ್ಟುಬರುತ್ತಾರೆ. ಟ್ಯಾಗ್ ಇರುವ ಶಾರ್ಕ್, ಆ ಸಿಗ್ನಲ್ ಹಿಡಿಯಲು ಸಮುದ್ರದಲ್ಲಿಟ್ಟ ಯಂತ್ರದ ಹತ್ತಿರ ಬಂದರೆ ಶಾರ್ಕ್‌ಸ್ಮಾರ್ಟ್ ಆ್ಯಪ್‌ನಲ್ಲಿ ಸೂಚನೆ ಬರುತ್ತದೆ. ಆ ಆ್ಯಪ್ ಹಾಕಿಕೊಳ್ಳಿ. ಆದರೆ ಟ್ಯಾಗ್ ಇಲ್ಲದ ಶಾರ್ಕ್ ಅದರಲ್ಲಿ ಕಾಣುವುದಿಲ್ಲ ಅನ್ನುವುದು ನೆನಪಿರಲಿ. ಹಳೆಯ ಬಲೆಗಿಂತ ನನಗೆ ಈ ದಾರಿಯೇ ಸರಿ ಅನಿಸುತ್ತದೆ.

ಸುಳ್ಳು ಧೈರ್ಯ ಹೇಳುವುದಿಲ್ಲ. 2022ರ ಫೆಬ್ರವರಿಯಲ್ಲಿ ಲಿಟಲ್ ಬೇಯಲ್ಲಿ ಈಜುತ್ತಿದ್ದವರೊಬ್ಬರು ತೀರಿಕೊಂಡರು. 1963ರ ನಂತರ ಸಿಡ್ನಿಯಲ್ಲಿ ಶಾರ್ಕ್‌ನಿಂದ ಆದ ಮೊದಲ ಸಾವು ಅದು. 2025ರ ಸೆಪ್ಟೆಂಬರ್‌ನಲ್ಲಿ ಲಾಂಗ್ ರೀಫ್ ಹತ್ತಿರ ಒಬ್ಬ ಸರ್ಫರ್ ಹೋದರು. ಅಪರೂಪ, ಆದರೆ ಆಗುತ್ತದೆ.

ಹಾಗಂತ ಎಲ್ಲ ಶಾರ್ಕನ್ನೂ ಒಂದೇ ಕಣ್ಣಿನಿಂದ ನೋಡಬೇಡಿ. ಜಗತ್ತಿನಲ್ಲಿ 500ಕ್ಕೂ ಜಾಸ್ತಿ ಜಾತಿಗಳಿವೆ. ಅಮ್ಮ ಊರಿನಿಂದ ಬಂದಿದ್ದಾಗ ಮ್ಯಾನ್ಲಿ ಪಕ್ಕದ ಶೆಲ್ಲಿ ಬೀಚಿಗೆ ಕರೆದುಕೊಂಡು ಹೋಗಿದ್ದೆ. ಗಾಳಿ ಮಳೆ ನಿಂತ ಮರುದಿನ. ಒಣಗಿದ ಪಾಚಿಯ ನಡುವೆ ಅಮ್ಮನಿಗೆ ಒಂದು ವಸ್ತು ಸಿಕ್ಕಿತು. ಅಂಗೈಯಷ್ಟು ಉದ್ದ, ಕಡು ಕಂದು, ಸ್ಕ್ರೂ ಹಾಗೆ ಸುತ್ತಿಕೊಂಡ ಅಂಚು, ಮುಟ್ಟಿದರೆ ನೆನೆದ ಚರ್ಮದ ಚಪ್ಪಲಿಯಂತೆ. "ಇದೆಂತದು ಮಗಾ?" ಅಂದರು. ಪೋರ್ಟ್ ಜಾಕ್ಸನ್ ಶಾರ್ಕ್‌ನ ಮೊಟ್ಟೆಯ ಚಿಪ್ಪು ಅದು. ಪೋರ್ಟ್ ಜಾಕ್ಸನ್ ಅಂದರೆ ನಮ್ಮ ಸಿಡ್ನಿ ಹಾರ್ಬರೇ. ತಾಯಿ ಆ ತಿರುಪು ಮೊಟ್ಟೆಯನ್ನು ಬಂಡೆಯ ಸಂದಿಗೆ ಸಿಕ್ಕಿಸುತ್ತದೆ, ಅಲೆ ಎಳೆದರೂ ಕಿತ್ತುಬರಬಾರದೆಂದು. ಮರಿ ಹೊರಗೆ ಬರಲು ಹತ್ತು ತಿಂಗಳಾದರೂ ಬೇಕು. ಅಮ್ಮ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಖಾಲಿ ಅಂತ ಖಾತ್ರಿ ಮಾಡಿಕೊಂಡು, "ಹತ್ತು ತಿಂಗಳಾ? ನಮ್ಮ ಹಾಗೇ ಆಯ್ತಲ್ಲ" ಅಂದರು. ಎಷ್ಟೋ ವರ್ಷ ತಾಟೆ ಕೊಯ್ದ ಕೈ ಅದನ್ನು ತುಂಬ ಹೊತ್ತು ಸವರುತ್ತಿತ್ತು.

ಅದೇ ನೀರಿನಲ್ಲಿ ವಾಬಿಗಾಂಗ್ ಕೂಡ ಮಲಗಿರುತ್ತದೆ. ಮೈಮೇಲೆ ಹಳೆಯ ಜಮಖಾನದಂಥ ಚಿತ್ತಾರ, ಬಂಡೆಯ ಪಕ್ಕ ಇದ್ದರೆ ಗೊತ್ತೇ ಆಗುವುದಿಲ್ಲ. ತಾನಾಗಿ ಬರುವುದಿಲ್ಲ, ತುಳಿದರೆ ಕಚ್ಚುತ್ತದೆ, ಕಚ್ಚಿದರೆ ಸುಲಭಕ್ಕೆ ಬಿಡುವುದಿಲ್ಲ. ಬಂಡೆ ಇರುವಲ್ಲಿ ಕಾಲಿಡುವ ಮೊದಲು ನೋಡಿ. ಗ್ರೇ ನರ್ಸ್ ಶಾರ್ಕ್‌ಗೆ ಹಲ್ಲು ಹೊರಗೇ ಕಾಣುತ್ತದೆ, ನೋಡಿದರೆ ಭಯ. ಆದರೆ ಸ್ವಭಾವ ಮೆದು. ಹಲ್ಲು ನೋಡಿಯೇ ಜನ ಅದನ್ನು ಕೊಂದು ಕೊಂದು ಮುಗಿಸುತ್ತಿದ್ದರು. 1984ರಲ್ಲಿ ನಮ್ಮ ಈ ನ್ಯೂ ಸೌತ್ ವೇಲ್ಸ್ ರಾಜ್ಯ ಅದಕ್ಕೆ ರಕ್ಷಣೆ ಕೊಟ್ಟಿತು. ಜಗತ್ತಿನಲ್ಲೇ ಕಾನೂನಿನ ರಕ್ಷಣೆ ಪಡೆದ ಮೊದಲ ಶಾರ್ಕ್ ಅದು. ಎರಡು ವರ್ಷಕ್ಕೊಮ್ಮೆ ಎರಡೇ ಮರಿ ಹಾಕುವ ಪ್ರಾಣಿ, ಅದರ ಸಂಖ್ಯೆ ಇನ್ನೂ ಚೇತರಿಸಿಕೊಂಡಿಲ್ಲ.

ಶಾರ್ಕ್ ನಮ್ಮನ್ನು ಹೇಗೆ ಗುರುತಿಸುತ್ತದೆ ಅನ್ನುವುದು ಗೊತ್ತಿದ್ದರೆ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ವಾಸನೆ ಚೆನ್ನಾಗಿ ಹಿಡಿಯುತ್ತದೆ, ಹಾಗಾಗಿ ಗಾಳ ಹಾಕುವವರ, ಮೀನು ಸೀಳುವವರ ಹತ್ತಿರ ಬೇಡ. ನೀರಿನ ಅದುರುವಿಕೆ ಅದರ ಮೈಗೆ ಗೊತ್ತಾಗುತ್ತದೆ, ಅದಕ್ಕೇ ಬಡಿದಾಡಬೇಡಿ. ಮೂತಿಯ ಸಣ್ಣ ಸಣ್ಣ ರಂಧ್ರಗಳಿಂದ ಬೇರೆ ಜೀವಿಗಳ ಮೈಯ ವಿದ್ಯುತ್ತನ್ನೂ ಹಿಡಿಯುತ್ತದೆ, ಆದರೆ ತೀರಾ ಹತ್ತಿರದಿಂದ ಮಾತ್ರ. ರಾಡಿ ನೀರಿನಲ್ಲಿ, ಮುಂಜಾನೆ ಮುಸ್ಸಂಜೆಯ ಮಬ್ಬಿನಲ್ಲಿ ಅದು ಬೇಟೆಯಾಡುತ್ತದೆ, ನಮಗೆ ಅದು ಕಾಣುವುದಿಲ್ಲ. ಜೋರು ಮಳೆಯಾದರೆ ಹಾರ್ಬರ್ ನೀರಿಗೆ ಮೂರು ದಿನ, ಸಮುದ್ರಕ್ಕೆ ಒಂದು ದಿನ ಇಳಿಯಬೇಡಿ ಅಂತ ನೀರಿನ ಶುದ್ಧತೆ ನೋಡುವ ಇಲ್ಲಿನ ಸರ್ಕಾರಿ ಬೀಚ್‌ವಾಚ್ ಹೇಳುವುದು ಚರಂಡಿ ನೀರಿನ ಕಾರಣಕ್ಕೆ. ಶಾರ್ಕ್ ವಿಷಯಕ್ಕೂ ಅದು ಒಳ್ಳೆಯ ಲೆಕ್ಕ. ಸಣ್ಣ ಮೀನಿನ ಹಿಂಡು ಕುದಿಯುತ್ತಿದ್ದರೆ, ಹಕ್ಕಿಗಳು ನೀರಿಗೆ ಧುಮುಕುತ್ತಿದ್ದರೆ ದೂರ ಇರಿ. ಹೊಳೆಯುವ ಸರ, ಗೆಜ್ಜೆ, ಬಳೆ ಮೀನಿನ ಹೊಳಪಿನಂತೆ ಕಾಣಬಹುದು, ತೆಗೆದು ಬ್ಯಾಗಿನಲ್ಲಿಡಿ. ಒಬ್ಬರೇ ಈಜಬೇಡಿ.

ಎದುರಿಗೇ ಶಾರ್ಕ್ ಕಂಡರೆ ಬೆನ್ನು ತಿರುಗಿಸಬೇಡಿ. ಅದನ್ನೇ ನೋಡುತ್ತಾ ನಿಧಾನವಾಗಿ ಹಿಂದೆ ಸರಿಯಿರಿ. ಮೇಲೆ ಬಿದ್ದರೆ ಕಣ್ಣಿಗೆ, ಕಿವಿರಿಗೆ ಬಲವಾಗಿ ಹೊಡೆಯಿರಿ. ಯಾರಿಗಾದರೂ ಕಚ್ಚಿದ್ದರೆ ದಡಕ್ಕೆ ಎಳೆದ ಕೂಡಲೇ ರಕ್ತ ನಿಲ್ಲಿಸುವುದೇ ಕೆಲಸ. ಟವೆಲ್, ಅಂಗಿ, ಸಿಕ್ಕಿದ್ದನ್ನು ಗಾಯದ ಮೇಲೆ ಇಟ್ಟು ಮೈಭಾರ ಹಾಕಿ ಒತ್ತಿ. ಕಾಲಿನ ಗಾಯಕ್ಕೆ ಅಷ್ಟು ಸಾಲದಿದ್ದರೆ ಅದೇ ಕಾಲಿನ ತೊಡೆ ಸೊಂಟಕ್ಕೆ ಸೇರುವ ಮಡಿಕೆಯ ನಡುವೆ ಮುಷ್ಟಿ ಊರಿ ಒತ್ತಿ ಹಿಡಿಯಿರಿ. ಇನ್ನೊಬ್ಬರು ಇಲ್ಲಿನ ತುರ್ತು ಸಂಖ್ಯೆ 000ಗೆ ಫೋನ್ ಮಾಡಲಿ. ಜಾಗದ ಹೆಸರು ಹೇಳಲು ಗೊತ್ತಾಗದಿದ್ದರೆ ಎಮರ್ಜೆನ್ಸಿ ಪ್ಲಸ್ ಆ್ಯಪ್ ನೀವಿರುವ ಸ್ಥಳ ತೋರಿಸುತ್ತದೆ. ಅಪ್ಪ ಅಮ್ಮ ಊರಿನಿಂದ ಬಂದಾಗ ಅವರ ಫೋನಿಗೂ ಹಾಕಿಕೊಡಿ.

ಮೊದಲ ಸಲ ಬೀಚಿಗೆ ಹೋಗುವುದಾದರೆ ಬಿಸಿಲು ಚೆನ್ನಾಗಿ ಬಿದ್ದ ಮೇಲೆ, ಹತ್ತು ಗಂಟೆಯ ಹೊತ್ತಿಗೆ ಹೋಗಿ. ಚಾಪೆ ಹಾಸುವ ಮೊದಲು ಬೀಚ್ ಕಾಯುವ ಕೆಂಪು ಹಳದಿ ಟೋಪಿಯವರ ಹತ್ತಿರ ನಡೆದು ಹೋಗಿ, "ಇವತ್ತು ಮಕ್ಕಳನ್ನು ಎಲ್ಲಿ ಇಳಿಸಬಹುದು?" ಅಂತ ಕೇಳಿ. ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ. ಅವರು ಎದ್ದು ಬಂದು, ಕೈ ಚಾಚಿ ತೋರಿಸುತ್ತಾರೆ.