ರಾತ್ರಿ ಎಂಟರ ಮೇಲೆ ಮಿಲ್ಲಿನ ಮೆಸೇಜ್ ನಿಂತದ್ದು ಹೀಗೆ

ಕಲಬುರಗಿಯ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರಲು ಶುರುವಾದರೆ ವಾಟ್ಸಾಪ್ ಗ್ರೂಪಿಗೆ ರಾತ್ರಿಯೇ ಇಲ್ಲ. ಲಾರಿ ಬಂತು, ತೂಕದ ಚೀಟಿ ನೋಡಿ, ಬಿಲ್ ಕಳಿಸಿ. ಮೆಸೇಜ್ ಬರದಿದ್ದಾಗಲೂ ಎದೆ ಢವಢವ. ನಿದ್ದೆ ಕೆಟ್ಟಿತ್ತು.

ಮ್ಯೂಟ್ ಮಾಡಿದರೆ ಸಾಕಾಗಲಿಲ್ಲ. ಯಾರಾದರೂ ನಮ್ಮ ಹೆಸರು ಹಾಕಿ ಕೇಳಿದರೆ ಸದ್ದು ಬಂದೇ ಬರುತ್ತದೆ.

ಮಿಲ್ಲಿನ ನಂಬರನ್ನು ಎರಡನೇ ಸಿಮ್‌ಗೆ, ವಾಟ್ಸಾಪ್ ಬಿಸಿನೆಸ್‌ಗೆ ಹಾಕಿದೆ. ಅದರಲ್ಲಿ ‘ಅವೇ ಮೆಸೇಜ್’ಗೆ ಸಮಯ ಇಡಬಹುದು. ಎಂಟರ ನಂತರ ಬರೆದವರಿಗೆ ‘ಬೆಳಿಗ್ಗೆ ನೋಡುತ್ತೇನೆ’ ಎಂದು ತಾನೇ ಉತ್ತರ ಹೋಗುತ್ತದೆ. ಗ್ರೂಪಿಗೆ ಹೋಗುವುದಿಲ್ಲ, ಅದು ನೆನಪಿರಲಿ. ಆಮೇಲೆ ಫೋನಿನ ಸದ್ದು ನಿಲ್ಲಿಸುವ ‘ಡು ನಾಟ್ ಡಿಸ್ಟರ್ಬ್’ಗೂ ಅದೇ ಹೊತ್ತು ಇಟ್ಟೆ. ಆಂಡ್ರಾಯ್ಡ್‌ನಲ್ಲಿ ಒಬ್ಬರೇ 15 ನಿಮಿಷದೊಳಗೆ ಎರಡನೇ ಸಲ ಕರೆ ಮಾಡಿದರೆ ರಿಂಗ್ ಆಗುವಂತೆ ಬಿಡಬಹುದು. ನನಗೆ ಧೈರ್ಯ ಕೊಟ್ಟದ್ದು ಇದೇ.

ಆದರೆ ನಿಜವಾಗಿ ಕೆಲಸ ಮಾಡಿದ್ದು ಮಾತು. “ಸಾವಕಾರ್ರೆ, ರಾತ್ರಿ ಲಾರಿ ನಿಂತರ ಎರಡು ಸಲ ಫೋನ್ ಮಾಡ್ರಿ, ಎತ್ತತೀನಿ. ಬಿಲ್ ಮುಂಜಾನಿ ಮಾಡೋಣ್ರಿ” ಎಂದೆ. “ಆಯ್ತು ಬಿಡ್ರಿ” ಎಂದರು. ಕೆಲಸ ಮುಗಿದ ಮೇಲೆ ಫೋನ್, ಮೆಸೇಜ್‌ನಿಂದ ದೂರ ಇರುವುದಕ್ಕೆ ಫ್ರಾನ್ಸ್‌ನಲ್ಲಿ 2017ರಿಂದ ಕಾನೂನೇ ಇದೆ. 50 ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಕಂಪನಿಗಳು ಕೆಲಸಗಾರರ ಜೊತೆ ಈ ಬಗ್ಗೆ ಮಾತಾಡಲೇಬೇಕು. ನಮ್ಮಲ್ಲೂ ಬೇಕು, ಅಲ್ವಾ? ಸಣ್ಣ ಮಿಲ್ಲುಗಳಿಗೂ.

ನೀವೂ ಮಾತಾಡುವುದಾದರೆ ಸೀಸನ್ ಶುರುವಾಗುವ ಮುಂಚೆಯೇ ಮಾತಾಡಿ. ಲಾರಿ ಸಾಲು ನಿಂತ ಮೇಲೆ ಯಾರಿಗೂ ಕೇಳುವ ಪುರುಸೊತ್ತು ಇರುವುದಿಲ್ಲ.