ವಿಶೇಷ ಪ್ರಸಾರವನ್ನೂ ಹೊಸ ದನಿಯನ್ನೂ ಕೇಳುಗರಿಗೆ ಒಪ್ಪಿಸುವ ಬಗೆ

ಕರಾವಳಿಯಲ್ಲಿ ಇಂದಿಗೂ ರೇಡಿಯೋ ಕೇಳುತ್ತಲೇ ದಿನದ ಕೆಲಸ ಹೊಂದಿಸಿಕೊಳ್ಳುವ ಮನೆಗಳಿವೆ. ಚಿಂತನ ಮುಗಿಯಿತೆಂದರೆ ಮಕ್ಕಳನ್ನು ಎಬ್ಬಿಸುವ ಹೊತ್ತು, ಪ್ರದೇಶ ಸಮಾಚಾರ ಬಂತೆಂದರೆ ಬಸ್ಸಿಗೆ ಹೊರಡುವ ಹೊತ್ತು. ಆದ್ದರಿಂದ ಕಾರವಾರ ಆಕಾಶವಾಣಿಯ 102.3 ಮೆಗಾಹರ್ಟ್ಸ್‌ನಂತಹ ಕೇಂದ್ರದಲ್ಲಿ ಕಾರ್ಯಕ್ರಮವೊಂದು ಜಾಗ ಬದಲಿಸಿದರೆ, ಅಥವಾ ವರ್ಷಗಟ್ಟಲೆ ಕೇಳಿದ ದನಿಯ ಬದಲು ಬೇರೊಂದು ದನಿ ಬಂದರೆ, ಅದು ಸ್ಟುಡಿಯೋದ ಒಳಗಿನ ವ್ಯವಸ್ಥೆಯಷ್ಟೇ ಆಗಿ ಉಳಿಯುವುದಿಲ್ಲ. ಹೊಸದಾಗಿ ಮೈಕಿನ ಮುಂದೆ ಕೂರುವ ಉದ್ಘೋಷಕರಿಗೂ ವಿಶೇಷ ಕಾರ್ಯಕ್ರಮ ರೂಪಿಸುವವರಿಗೂ ನೆರವಾಗಲೆಂದು ಈ ಬರಹ.

ವಿಶೇಷ ಪ್ರಸಾರವನ್ನು ಯೋಜಿಸುವಾಗ ಮೊದಲು ಗುರುತಿಸಬೇಕಾದದ್ದು ಕದಲಿಸಬಾರದ ಹೊತ್ತುಗಳನ್ನು. ದೆಹಲಿ ಮತ್ತು ಬೆಂಗಳೂರಿನಿಂದ ಬರುವ ವಾರ್ತೆಗಳು ಗಡಿಯಾರದ ಮುಳ್ಳಿಗೆ ಸರಿಯಾಗಿ ಬರುತ್ತವೆ. ಸ್ಥಳೀಯ ಕಾರ್ಯಕ್ರಮ ಎಷ್ಟೇ ರಂಗೇರಿದ್ದರೂ ಅವು ಕಾಯುವುದಿಲ್ಲ. ಹಾಗಾಗಿ ಅರ್ಧ ಗಂಟೆಯ ವಿಶೇಷ ಕಾರ್ಯಕ್ರಮವನ್ನು 28 ನಿಮಿಷಕ್ಕೆ ಸಿದ್ಧಪಡಿಸಿ, ಆರಂಭ ಮತ್ತು ಮುಕ್ತಾಯದ ಮಾತಿಗೆ ಉಳಿದ ಸಮಯವನ್ನು ಇಟ್ಟುಕೊಳ್ಳಬೇಕು. ಎರಡು ಮೂರು ನಿಮಿಷದ ವಾದ್ಯಸಂಗೀತವೊಂದು ಕೈಗೆಟಕುವಂತೆ ಸಿದ್ಧವಿರಲಿ. ಹವಾಮಾನದ ಮಾಹಿತಿಯನ್ನಂತೂ ಯಾವ ಹಬ್ಬದ ನೆಪದಲ್ಲಿಯೂ ಕೈಬಿಡಬಾರದು. ಬೈತಕೋಲದಲ್ಲಿಯೋ ತದಡಿಯಲ್ಲಿಯೋ ದೋಣಿ ಇಳಿಸಬೇಕೇ ಬೇಡವೇ ಎಂದು ಕಿವಿಗೊಟ್ಟವರಿಗೆ ಆ ನಾಲ್ಕು ಸಾಲಿಗಿಂತ ಮುಖ್ಯವಾದದ್ದು ಆ ದಿನದ ಪ್ರಸಾರದಲ್ಲಿ ಬೇರೊಂದಿಲ್ಲ.

ಇನ್ನು ವಿಷಯದ ಆಯ್ಕೆ. ಗಣರಾಜ್ಯೋತ್ಸವ, ರಾಜ್ಯೋತ್ಸವಗಳು ಎಲ್ಲ ಕೇಂದ್ರಗಳಿಗೂ ಸಾಮಾನ್ಯ. ಅವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯದೇ ಆದ ಪಂಚಾಂಗವನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ, ಗೋಕರ್ಣದ ಶಿವರಾತ್ರಿ, ಹೋಳಿಯ ಸುತ್ತಮುತ್ತ ಹಾಲಕ್ಕಿ ಒಕ್ಕಲಿಗರು ಆಡುವ ಸುಗ್ಗಿ ಕುಣಿತ, 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹದ ನೆನಪು ಇವೆಲ್ಲ ಅದರಲ್ಲಿ ಸೇರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ, ದಡದಲ್ಲಿ ಕುಳಿತು ಬಲೆ ರಿಪೇರಿ ಮಾಡುವವರಿಗಾಗಿ ಆ ಎರಡು ತಿಂಗಳು ಸರಣಿಯೊಂದನ್ನು ಪ್ರಸಾರ ಮಾಡಬಹುದು. ಆಗಸ್ಟ್ ಬಂದೊಡನೆ ಅದೇ ಕೇಳುಗರು ಸಮುದ್ರದಲ್ಲಿರುತ್ತಾರೆ ಎಂಬುದನ್ನು ಮರೆತು ಸರಣಿಯನ್ನು ಎಳೆಯುವುದು ವ್ಯರ್ಥ.

ಯಕ್ಷಗಾನದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ವೇಷ, ಕುಣಿತಗಳಿಲ್ಲದೆ ಹಾಡು ಮಾತುಗಳಲ್ಲೇ ಸಾಗುವ ತಾಳಮದ್ದಳೆ ರಾತ್ರಿಯಿಡೀ ನಡೆದಾಗ, ಅದರ ಧ್ವನಿಮುದ್ರಣದಿಂದ ಒಂದು ಗಂಟೆಯ ಭಾಗವನ್ನು ಆಯ್ದುಕೊಳ್ಳುವಾಗ, ಸಮಯ ಮುಗಿಯಿತೆಂದು ಭಾಗವತರ ಪದ್ಯದ ನಡುವೆ ಧ್ವನಿಯನ್ನು ತಗ್ಗಿಸಿಬಿಡುವುದು ಈ ಸೀಮೆಯಲ್ಲಿ ಯಾರೂ ಕ್ಷಮಿಸದ ತಪ್ಪು. ಪದ್ಯ ಪೂರ್ತಿಯಾಗಿ, ಮದ್ದಳೆಯ ಮುಕ್ತಾಯ ಬಿದ್ದು, ಪಾತ್ರದ ಮಾತಾಡುವ ಅರ್ಥಧಾರಿಯ ಮಾತು ಒಂದು ನಿಲುಗಡೆಗೆ ಬಂದ ಜಾಗವನ್ನು ಹಿಂದಿನ ದಿನವೇ ಕೇಳಿ ಗುರುತು ಮಾಡಿಕೊಳ್ಳಬೇಕು. ಅಂತಹ ಜಾಗ 52ನೆಯ ನಿಮಿಷದಲ್ಲಿ ಸಿಕ್ಕರೆ ಅಲ್ಲಿಯೇ ನಿಲ್ಲಿಸಿ, ಉಳಿದ ಹೊತ್ತಿನಲ್ಲಿ ಪ್ರಸಂಗದ ಹೆಸರನ್ನೂ ಹಿಮ್ಮೇಳ ಮುಮ್ಮೇಳದ ಎಲ್ಲ ಕಲಾವಿದರ ಹೆಸರನ್ನೂ ನಿಧಾನವಾಗಿ ಹೇಳಿ. ಮದ್ದಳೆ, ಚಂಡೆಯವರ ಹೆಸರನ್ನು ಬಿಡುವುದು ಸಲ್ಲದು.

ಬದಲಾವಣೆಯನ್ನು ತಿಳಿಸುವ ಮಾತಿನಲ್ಲಿ ಮೂರು ಸಂಗತಿ ಇರಲೇಬೇಕು: ಏನು ಬರುತ್ತದೆ, ಅದರಿಂದ ಯಾವುದು ತಪ್ಪುತ್ತದೆ, ತಪ್ಪಿದ್ದು ಮತ್ತೆ ಯಾವಾಗ ಬರುತ್ತದೆ. ‘ನಾಳೆ ಸಂಜೆ ವಿಶೇಷ ಕಾರ್ಯಕ್ರಮವಿದೆ, ತಪ್ಪದೆ ಕೇಳಿ’ ಎಂದಷ್ಟೇ ಹೇಳಿದರೆ, ನಾಟಕಕ್ಕಾಗಿ ಕಾದವರಿಗೆ ಏನೂ ತಿಳಿಯುವುದಿಲ್ಲ. ‘ನಾಳೆ ಸಂಜೆ ಈ ಹೊತ್ತಿಗೆ ಮಾರಿಕಾಂಬಾ ಜಾತ್ರೆಯ ಧ್ವನಿಚಿತ್ರವನ್ನು ಪ್ರಸಾರ ಮಾಡಲಿದ್ದೇವೆ. ಹೀಗಾಗಿ ನಾಳೆ ನಾಟಕ ಇರುವುದಿಲ್ಲ. ಅದನ್ನು ಮುಂದಿನ ಗುರುವಾರ ಇದೇ ಹೊತ್ತಿಗೆ ಕೇಳಬಹುದು’ ಎಂಬುದು ಸರಿಯಾದ ಮಾದರಿ. ಇದನ್ನು ಹಿಂದಿನ ವಾರ ಅದೇ ಕಾರ್ಯಕ್ರಮದ ಕೊನೆಯಲ್ಲಿ ಒಮ್ಮೆ, ಹಿಂದಿನ ದಿನದ ಮೂರೂ ಪ್ರಸಾರಗಳಲ್ಲಿ ಒಮ್ಮೊಮ್ಮೆ, ಆ ದಿನ ಬೆಳಿಗ್ಗೆ ಕಾರ್ಯಕ್ರಮಗಳ ವಿವರ ನೀಡುವಾಗ ಮತ್ತೊಮ್ಮೆ ಹೇಳಬೇಕು. ಎಫ್‌ಎಂ ಅಲೆಗಳು ಬಹುಮಟ್ಟಿಗೆ ನೇರ ದಾರಿಯಲ್ಲಿ ಸಾಗುವುದರಿಂದ ಘಟ್ಟದ ಮೇಲಿನ ಅನೇಕ ಕಣಿವೆಗಳಲ್ಲಿ ಕಾರವಾರದ ಪ್ರಸಾರ ಸರಿಯಾಗಿ ಸಿಗುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ವಿಷಯವನ್ನೇ ಪ್ರಸಾರ ಮಾಡುವಾಗ ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ಆಕಾಶವಾಣಿಯನ್ನು ಕೇಳಬಹುದೆಂಬ ಸೂಚನೆಯನ್ನೂ ಸೇರಿಸುವುದು ಒಳ್ಳೆಯದು.

ದನಿ ಬದಲಾಗುವ ಸಂದರ್ಭ ಇದಕ್ಕಿಂತ ಸೂಕ್ಷ್ಮ. ಸರ್ಕಾರಿ ನೌಕರರ ನಿವೃತ್ತಿ ಸಾಮಾನ್ಯವಾಗಿ ತಿಂಗಳ ಕೊನೆಯ ದಿನಕ್ಕೆ ಬರುವುದರಿಂದ ಅದು ಮೊದಲೇ ಗೊತ್ತಿರುವ ಸಂಗತಿ. ವರ್ಗಾವಣೆಯ ಆದೇಶ ಬಂದ ಮೇಲೂ ಕೆಲವು ದಿನ ಕೈಯಲ್ಲಿರುತ್ತವೆ. ಆ ಅವಧಿಯನ್ನು ಬಳಸಿಕೊಂಡು, ಹೊರಡುವವರು ಮತ್ತು ಬರುವವರು ಎರಡು ಕಂತುಗಳಲ್ಲಾದರೂ ಜೊತೆಯಾಗಿ ಕೂರಬೇಕು. ಮೊದಲ ಕಂತಿನಲ್ಲಿ ಹೊಸಬರು ಕೇಳುಗರ ಪತ್ರಗಳನ್ನು ಓದಲಿ, ಹಳಬರು ಉತ್ತರಿಸಲಿ. ಎರಡನೆಯದರಲ್ಲಿ ಇದು ಅದಲುಬದಲಾಗಲಿ. ಹೊಸಬರನ್ನು ಪರಿಚಯಿಸುವ ಮಾತು ಹೊರಡುವವರ ಬಾಯಿಂದಲೇ ಬರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ, ಏಕೆಂದರೆ ಕೇಳುಗರ ವಿಶ್ವಾಸ ಇರುವುದು ಆ ದನಿಯಲ್ಲಿ. ಬೀಳ್ಕೊಡುಗೆಯ ಹೊಗಳಿಕೆ ಎರಡು ನಿಮಿಷ ಮೀರದಿರಲಿ.

ಹಸ್ತಾಂತರದ ವೇಳೆ ಹಳಬರು ಒಂದು ಟಿಪ್ಪಣಿ ಪುಸ್ತಕವನ್ನು ಕೊಟ್ಟುಹೋಗಬೇಕು. ತಪ್ಪದೆ ಪತ್ರ ಬರೆಯುವವರು ಯಾರು, ಯಾರ ಪತ್ರಕ್ಕೆ ಉತ್ತರ ಬಾಕಿ ಇದೆ, ಯಾವ ಹಾಡನ್ನು ಹಾಕುತ್ತೇವೆಂದು ಮಾತು ಕೊಡಲಾಗಿದೆ ಎಂಬುದು ಅದರಲ್ಲಿರಲಿ. ಊರುಗಳ ಹೆಸರಿನ ಉಚ್ಚಾರಣೆಯೂ ಇರಲಿ: ಮಾಜಾಳಿ, ಅಮದಳ್ಳಿ, ಬೇಲೇಕೇರಿ ಮುಂತಾದ ಹೆಸರುಗಳನ್ನು ಬಯಲುಸೀಮೆಯಿಂದ ಬಂದವರು ಕಾಗದ ನೋಡಿ ಓದುವುದಕ್ಕಿಂತ ಊರಿನವರ ಬಾಯಲ್ಲಿ ಒಮ್ಮೆ ಕೇಳಿಕೊಳ್ಳುವುದು ಮೇಲು. ಕೊಂಕಣಿ ಮನೆಮಾತಿನ ಹೆಸರುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಹೊಸ ಉದ್ಘೋಷಕರು ಹಳಬರ ದನಿಯನ್ನು ಅನುಕರಿಸಬಾರದು. ಆದರೆ ಕಾರ್ಯಕ್ರಮದ ಸಂಕೇತ ಸಂಗೀತ, ನಮಸ್ಕಾರದ ರೀತಿ, ಪತ್ರಗಳಿಗೆ ಮೀಸಲಾದ ಸಮಯ ಇವನ್ನು ಒಂದೆರಡು ತಿಂಗಳು ಇದ್ದಂತೆಯೇ ಉಳಿಸಬೇಕು. ದನಿ ಮತ್ತು ಸಂಕೇತ ಸಂಗೀತ ಎರಡೂ ಒಂದೇ ದಿನ ಬದಲಾದರೆ, ಬೇರೆ ಯಾವುದೋ ಸ್ಟೇಷನ್ ತಾಗಿದೆ ಎಂದುಕೊಂಡು ಜನ ತಿರುಗುಣಿಯನ್ನು ತಿರುಗಿಸುತ್ತಾರೆ. ಫೋನ್‌ಇನ್ ಕಾರ್ಯಕ್ರಮದಲ್ಲಿ ‘ಮೊದಲು ಬರುತ್ತಿದ್ದ ಅಕ್ಕ ಎಲ್ಲಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಅವರಿಗೆ ವರ್ಗವಾಗಿದೆ, ಕ್ಷೇಮವಾಗಿದ್ದಾರೆ. ನಿಮ್ಮ ನೆನಪನ್ನು ಅವರಿಗೆ ಮುಟ್ಟಿಸುತ್ತೇನೆ’ ಎಂದು ಹೇಳಿ, ಹೇಳಿದಂತೆ ಮುಟ್ಟಿಸಬೇಕು. ಕಾಯಿಲೆ ಅಥವಾ ಮನೆಯ ತೊಂದರೆಯಿಂದ ಬರದವರ ಬಗ್ಗೆ ಮಾತ್ರ ‘ರಜೆಯಲ್ಲಿದ್ದಾರೆ’ ಎಂಬುದಕ್ಕಿಂತ ಹೆಚ್ಚು ಹೇಳುವ ಅಧಿಕಾರ ನಮಗಿಲ್ಲ.

ಪೂರ್ವಸೂಚನೆಯಿಲ್ಲದ ಬದಲಾವಣೆಗಳೂ ಇವೆ. ರಾಷ್ಟ್ರೀಯ ಶೋಕಾಚರಣೆ ಘೋಷಣೆಯಾದಾಗ ಚಿತ್ರಗೀತೆ, ಹಾಸ್ಯಗಳನ್ನು ತೆಗೆದು ಗಂಭೀರ ವಾದ್ಯಸಂಗೀತವನ್ನು ಹಾಕುವುದು ರೂಢಿ. ನಿಧನದ ಸುದ್ದಿಯನ್ನು ವಾರ್ತಾ ವಿಭಾಗ ಹೇಳುವ ಮೊದಲು ಉದ್ಘೋಷಕರು ಹೇಳುವಂತಿಲ್ಲ. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನ ಬಳಿ ಗುಡ್ಡ ಕುಸಿದಂತಹ ವಿಪತ್ತುಗಳಲ್ಲಿ, ಯಾವ ರಸ್ತೆ ಮುಚ್ಚಿದೆ, ಯಾವುದು ತೆರೆದಿದೆ ಎಂಬುದನ್ನು ಜಿಲ್ಲಾಡಳಿತದಿಂದ ಖಚಿತಪಡಿಸಿಕೊಂಡು, ಮಾಹಿತಿ ಎಷ್ಟು ಗಂಟೆಗೆ ದೊರೆತದ್ದು ಎಂಬುದನ್ನೂ ಸೇರಿಸಿ, ನಿಗದಿತ ಅಂತರದಲ್ಲಿ ಮರುಪ್ರಸಾರ ಮಾಡಬೇಕು. ಕರೆಂಟ್ ಹೋಗಿ ಮೊಬೈಲ್ ಟವರ್ ನಿಂತ ಹೊತ್ತಿನಲ್ಲಿ ಬ್ಯಾಟರಿ ರೇಡಿಯೋ ಒಂದೇ ಉಳಿದಿರುತ್ತದೆ.

ವಿಶೇಷ ಪ್ರಸಾರ ಮುಗಿದ ಮೇಲೆ ನಿಜವಾಗಿ ಯಾವ ನಿಮಿಷಕ್ಕೆ ಆರಂಭವಾಗಿ ಯಾವ ನಿಮಿಷಕ್ಕೆ ಮುಗಿಯಿತು, ಏನು ತಪ್ಪಿತು ಎಂಬುದನ್ನು ಕರ್ತವ್ಯಾಧಿಕಾರಿಯ ದಿನಚರಿ ಪುಸ್ತಕದಲ್ಲಿ ಅಂದೇ ಬರೆಸಬೇಕು. ಮುಂದೂಡಿದ ಕಾರ್ಯಕ್ರಮವು ಮಾತು ಕೊಟ್ಟ ದಿನದ ಕ್ಯೂ ಶೀಟಿನಲ್ಲಿ, ಅಂದರೆ ಆ ದಿನದ ಕಾರ್ಯಕ್ರಮಗಳ ಸಮಯಪಟ್ಟಿಯಲ್ಲಿ, ಸೇರಿದೆಯೇ ಎಂದು ಕಣ್ಣಾರೆ ನೋಡಿದ ಮೇಲೆಯೇ ಆ ಕಡತವನ್ನು ಮುಚ್ಚಬಹುದು.